ಜೇಬಿನಲ್ಲಿ ಬಿಸಿಯಾದ ಟಾರ್ಚಿನ ಸೆಲ್ಲನ್ನು ಮತ್ತೆ ಬಳಸಬಹುದೇ?

ಪ್ರಶ್ನೆ (ಕಾಫಿ ಬೆಳೆಗಾರರು, ಮೂಡಿಗೆರೆ):
ನಮಸ್ಕಾರ. ತೋಟಕ್ಕೆ ಆನೆ ಇಳಿಯುವುದರಿಂದ ರಾತ್ರಿ ತಲೆಗೆ ಕಟ್ಟುವ ಟಾರ್ಚ್ ಇಲ್ಲದೆ ನಾವು ಹೊರಗೆ ಕಾಲಿಡುವುದಿಲ್ಲ. ಅದರಲ್ಲಿ 18650 ಎಂಬ, ಮತ್ತೆ ಮತ್ತೆ ಚಾರ್ಜ್ ಮಾಡುವ ಎರಡು ಲಿಥಿಯಂ ಸೆಲ್‌ಗಳಿವೆ. ಮೊನ್ನೆ ಹೆಚ್ಚುವರಿ ಸೆಲ್ಲೊಂದನ್ನು ಗೋದಾಮಿನ ಬೀಗದ ಕೈ ಇದ್ದ ಜೇಬಿಗೇ ಹಾಕಿಕೊಂಡಿದ್ದೆ. ಪಂಪ್‌ಹೌಸ್ ತಲುಪುವಷ್ಟರಲ್ಲಿ ತೊಡೆ ಸುಡುವಷ್ಟು ಬಿಸಿಯಾಯಿತು. ತೆಗೆದು ಮಣ್ಣಿಗೆ ಎಸೆದೆ. ಈಗ ತಣ್ಣಗಿದೆ, ಟಾರ್ಚೂ ಉರಿಯುತ್ತದೆ. ಬಳಸಬಹುದೇ? ಇವು ಹೆಚ್ಚು ಕಾಲ ಬಾಳಲು ಏನು ಮಾಡಬೇಕು?

ಉತ್ತರ (ಬ್ಯಾಟರಿ ದುರಸ್ತಿಗಾರರು, ಹಾಸನ):
ದಯವಿಟ್ಟು ಬಳಸಬೇಡಿ. ಈ ಸೆಲ್ಲಿನ ಇಡೀ ಲೋಹದ ಕವಚವೇ ಋಣ ತುದಿ. ಧನ ತುದಿಯ ಅಂಚಿನಲ್ಲಿ ಅವೆರಡನ್ನೂ ಹೊರಗಿನಿಂದ ಬೇರ್ಪಡಿಸುವುದು ತೆಳುವಾದ ಪ್ಲಾಸ್ಟಿಕ್ ಹೊದಿಕೆ ಮತ್ತು ಒಂದು ಬಳೆ ಮಾತ್ರ. ಅಲ್ಲಿ ಸಾಸಿವೆ ಕಾಳಿನಷ್ಟು ಹರಿದಿದ್ದರೂ ಬೀಗದ ಕೈ ತಾಗಿ ಶಾರ್ಟ್ ಆಗುತ್ತದೆ. ಹಾಗೆ ಬಿಸಿಯಾದಾಗ ಒಳಗಿನ ಪದರಕ್ಕೆ ಆದ ಹಾನಿ ಹೊರಗೆ ಕಾಣುವುದಿಲ್ಲ. ಮುಂದೊಂದು ದಿನ ಚಾರ್ಜಿಗೆ ಇಟ್ಟಾಗ ಅದೇ ಬೆಂಕಿಗೆ ಕಾರಣವಾಗಬಹುದು.

ಹೊಸ ಸೆಲ್ ಕೊಳ್ಳುವಾಗ ಮೇಲೆ ಬರೆದ ಸಂಖ್ಯೆಗೆ ಮರುಳಾಗಬೇಡಿ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಈ ಗಾತ್ರದಲ್ಲಿ ಒಳ್ಳೆಯ ಸೆಲ್ ಸುಮಾರು 3500 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಹಿಡಿಯುತ್ತದೆ. 9900 ಎಂದು ಅಚ್ಚಾಗಿದ್ದರೆ ಅದು ಶುದ್ಧ ಸುಳ್ಳು. ನನ್ನ ಮೇಜಿಗೆ ಬರುವ ಅಂಥವು ಕೈಗೆ ತೆಗೆದುಕೊಂಡ ಕೂಡಲೇ ಹಗುರವೆನಿಸುತ್ತವೆ. ಅಸಲಿ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ.

ಪೂರ್ಣ ಚಾರ್ಜ್ ಎಂದರೆ 4.2 ವೋಲ್ಟ್; ಅಲ್ಲಿಗೆ ತಾನಾಗಿ ನಿಲ್ಲುವ ಚಾರ್ಜರನ್ನೇ ಬಳಸಿ, ಹಾಸಿಗೆಯ ಮೇಲಲ್ಲದೆ ಸಿಮೆಂಟ್ ನೆಲದ ಮೇಲೆ ಇಡಿ. ಬೆಳಕು ಮಂಕಾದ ಮೇಲೂ ಹಿಂಡಿ ಹಿಂಡಿ ಉರಿಸುವುದರಿಂದ ಸೆಲ್ ಬೇಗ ಸಾಯುತ್ತದೆ. ನಿಮ್ಮ ಕಡೆಯ ಮಳೆಗಾಲದಲ್ಲಿ ಸ್ಪ್ರಿಂಗಿಗೆ ಕಿಲುಬು ಹಿಡಿದು ಸಂಪರ್ಕ ಕೆಟ್ಟು ಅಲ್ಲೇ ಬಿಸಿಯಾಗುತ್ತದೆ. ತಿಂಗಳಿಗೊಮ್ಮೆ ಸೆಲ್ ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಹಾಕಿ. ಬಹಳ ದಿನ ಬಳಸದಿದ್ದರೆ ಅರ್ಧದಷ್ಟು ಚಾರ್ಜ್, ಅಂದರೆ 3.7 ವೋಲ್ಟಿನ ಆಸುಪಾಸು ಉಳಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಜೇಬಿಗೂ ಆ ಡಬ್ಬಿಯೇ ಹೋಗಲಿ.

ಮರುಪ್ರಶ್ನೆ (ಮೂಡಿಗೆರೆ):
ಧನ್ಯವಾದಗಳು ಸರ್. ಅಣ್ಣನ ಮಗ ದುಬೈನಿಂದ ತಂದ ವೇಪ್ (ಇ-ಸಿಗರೇಟು) ಒಂದು ಮನೆಯಲ್ಲಿದೆ. ಅದರಲ್ಲೂ ಇದೇ ಸೆಲ್ ಇದೆ ಎನ್ನುತ್ತಾನೆ. ಎಸೆದ ಸೆಲ್ಲಿನ ಬದಲಿಗೆ ಅದನ್ನು ಟಾರ್ಚಿಗೆ ಹಾಕಬಹುದೇ?

ಉತ್ತರ (ಹಾಸನ):
ಬೇಡ. ಎರಡು ಸೆಲ್ ಹಾಕುವ ಟಾರ್ಚಿನಲ್ಲಿ ಎರಡೂ ಒಂದೇ ತಯಾರಿಕೆಯ, ಒಂದೇ ವಯಸ್ಸಿನ ಜೋಡಿಯಾಗಿರಬೇಕು. ಸಮಾನಾಂತರ ಜೋಡಣೆಯಲ್ಲಿ (ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿದಾಗ) ಹೆಚ್ಚು ವೋಲ್ಟ್ ಇರುವ ಸೆಲ್ ಇನ್ನೊಂದಕ್ಕೆ ಹತೋಟಿಯಿಲ್ಲದೆ ಚಾರ್ಜ್ ತುಂಬುತ್ತದೆ, ಸರಣಿಯಲ್ಲಿದ್ದರೆ (ಒಂದರ ಹಿಂದೆ ಒಂದು ಜೋಡಿಸಿದ್ದರೆ) ದುರ್ಬಲವಾದದ್ದು ಮಿತಿ ಮೀರಿ ಖಾಲಿಯಾಗುತ್ತದೆ. ಇನ್ನು ವೇಪ್ ವಿಚಾರ: 2019ರ ಕಾಯ್ದೆಯಡಿ ನಮ್ಮ ದೇಶದಲ್ಲಿ ಅದರ ಆಮದು, ಮಾರಾಟ, ದಾಸ್ತಾನು ಎಲ್ಲವೂ ನಿಷಿದ್ಧವಾಗಿರುವುದರಿಂದ ನಾನು ಅದನ್ನು ದುರಸ್ತಿಗೂ ಮುಟ್ಟುವುದಿಲ್ಲ. ಹುಡುಗ ಅದನ್ನು ಸ್ಕ್ರೂಡ್ರೈವರಿನಿಂದ ಮೀಟಿ ಬಿಚ್ಚದಂತೆ ನೋಡಿಕೊಳ್ಳಿ. ಸೆಲ್ಲಿಗೆ ತೂತು ಬಿದ್ದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಬಿಸಿಯಾದ ಹಳೆಯ ಸೆಲ್ಲನ್ನು ಕಸದ ಗಾಡಿಗೂ ಒಲೆಗೂ ಹಾಕದೆ, ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುವ ತನಕ ಮರಳು ತುಂಬಿದ ತಗಡಿನ ಡಬ್ಬದಲ್ಲಿ ಮನೆಯ ಹೊರಗೆ, ಮಳೆ ತಾಗದ ಕಡೆ ಇಡಿ.