ಅಪ್ಪನ ಹಳೇ ಬ್ರ್ಯಾಂಡೆಡ್ ಕ್ಯಾಬಿನೆಟ್‌ಗೆ ಹೊಸ ಮದರ್‌ಬೋರ್ಡ್ ಕೂರುತ್ತಾ? ಮಾಡಿರೋರು ಹೇಳಿ

ಸಾಗರದವ:
ನಮಸ್ಕಾರ. ಅಪ್ಪ 2006ರಲ್ಲಿ ತಗೊಂಡಿದ್ದ ದೊಡ್ಡ ಕಂಪನಿ ಟವರ್ ಸಿಸ್ಟಮ್ ಅಟ್ಟದ ಮೇಲಿತ್ತು, ಮೊನ್ನೆ ಇಳಿಸ್ದೆ. ಬೋರ್ಡ್ ಸತ್ತೋಗಿದೆ ಆದ್ರೆ ಕ್ಯಾಬಿನೆಟ್‌ಗೆ ಒಂಚೂರೂ ತುಕ್ಕಿಲ್ಲ, ಬಾಗಿಲಿಗೆ ಸ್ಕ್ರೂನೇ ಬೇಡ, ಲಾಚ್ ಎಳೆದ್ರೆ ಸಾಕು ತೆರೆದುಕೊಳ್ಳುತ್ತೆ. ಒಳಗೆ ಮುಂದ್ಗಡೆ ಫ್ಯಾನಿಂದ ಪ್ರೊಸೆಸರ್ ತನಕ ಒಂದು ದೊಡ್ಡ ಕಪ್ಪು ಪ್ಲಾಸ್ಟಿಕ್ ಕವರ್ ಇದೆ. ಇದಕ್ಕೆ ಬಿ450 ಮೈಕ್ರೋ ಎಟಿಎಕ್ಸ್ ಬೋರ್ಡ್ (ಎಟಿಎಕ್ಸ್ ಅಂದ್ರೆ ಈಗಿನ ಮಾಮೂಲಿ ಅಳತೆ, ಇದು ಅದರಲ್ಲೇ ಸ್ವಲ್ಪ ಚಿಕ್ಕದು), ರೈಜನ್ 5 5600ಜಿ ಪ್ರೊಸೆಸರ್ ಹಾಕೋ ಆಸೆ. ತಂಗಿ ಓದಿಗೆ, ನನ್ನ ಟ್ಯಾಲಿ ಕೆಲಸಕ್ಕೆ ಅಷ್ಟೇ, ಗ್ರಾಫಿಕ್ಸ್ ಕಾರ್ಡ್ ಬೇಡ. ಹಳೇ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡೋ ಡಬ್ಬಿ) ಮೇಲೆ 305 ವಾಟ್ ಅಂತ ಇದೆ, ಅದನ್ನೇ ಇಟ್ಕೋಬಹುದಾ? ಖರ್ಚು ಎಷ್ಟಾಗುತ್ತೆ? ಅಪ್ಪನಿಗೂ ಅದು ಮತ್ತೆ ಓಡಿದ್ರೆ ಖುಷಿ ಆಗುತ್ತೆ.

ಪೀಣ್ಯ ಫಿಟ್ಟರ್:
ಮಾಡಿ ಸಾರ್, ಕಣ್ಣುಮುಚ್ಕೊಂಡು ಮಾಡಿ. ನಾನು ಹೋದ ವರ್ಷ ಮಾಡ್ದೆ, ನಂದು 2010ರ ಟವರು, ಆಫೀಸಲ್ಲಿ ಗುಜರಿಗೆ ಹಾಕ್ತಿದ್ರು, ಕೇಳಿ ತಗೊಂಡೆ. ಈಗಿನ ಕ್ಯಾಬಿನೆಟ್ ತಗಡು ಉಗುರಲ್ಲಿ ಒತ್ತಿದ್ರೆ ಬಗ್ಗುತ್ತೆ, ನನ್ನದನ್ನ ವರ್ನಿಯರ್ ಹಾಕಿ ನೋಡ್ದೆ, ಸರಿಯಾಗಿ 1 ಮಿಮೀ ಇತ್ತು. ಆದ್ರೆ ಕಷ್ಟ ಎಲ್ಲಿ ಅಂದ್ರೆ ಹಿಂದ್ಗಡೆ ಪೋರ್ಟ್ ಬರೋ ಪ್ಲೇಟು. ಅಸೆಂಬಲ್ ಕ್ಯಾಬಿನೆಟ್ಟಲ್ಲಿ ಅದು ಬೇರೆ ಬರುತ್ತೆ, ಒತ್ತಿದ್ರೆ ಕೂರುತ್ತೆ. ಬ್ರ್ಯಾಂಡಿನದ್ದರಲ್ಲಿ ಬಾಡಿಗೇ ಪಂಚ್ ಮಾಡಿಬಿಟ್ಟಿದ್ರು, ಅವರ ಬೋರ್ಡಿನ ಪೋರ್ಟ್ ಎಲ್ಲೆಲ್ಲಿತ್ತೋ ಅಲ್ಲಲ್ಲೇ ತೂತು. ಎಟಿಎಕ್ಸ್ ಅಳತೆ ಪ್ರಕಾರ ಆ ಕಿಟಕಿ 158.75 ಮಿಮೀ ಅಗಲ, 44.45 ಎತ್ತರ ಇರ್ಬೇಕು. ಸ್ಕೆಚ್ ಪೆನ್ನಲ್ಲಿ ಗೆರೆ ಹಾಕ್ಕೊಂಡು ಗ್ರೈಂಡರಲ್ಲಿ ಕತ್ತರಿಸಿ ಅರ ಹಾಕಿ ಉಜ್ಜಿದೆ, ಒಂದಿಡೀ ಭಾನುವಾರ ಹೋಯ್ತು.

ಎರಡ್ನೇದು ಬೋರ್ಡ್ ಕೂರೋ ಉಬ್ಬುಗಳು. ಅವು ಬಿಚ್ಚೋ ಸ್ಟಡ್ ಅಲ್ಲ, ತಗಡನ್ನೇ ಉಬ್ಬಿಸಿರ್ತಾರೆ. ಹೊಸ ಬೋರ್ಡಲ್ಲಿ ತೂತಿಲ್ಲದ ಕಡೆ ಒಂದು ಉಬ್ಬು ಉಳಿದ್ರೆ ಸೋಲ್ಡರ್‌ಗೆ ತಾಗಿ ಶಾರ್ಟ್. ನನ್ನದರಲ್ಲಿ ಹಂಗೆ ಎರಡು ಇತ್ತು, ಕೂಲರ್ ಬೋಲ್ಟಿಗೆ ಅಂತ ಇನ್ನೂ ನಾಲ್ಕು, ಆರನ್ನೂ ತರಿದು ಹಾಕ್ದೆ. ಲೆಕ್ಕ ಬರ್ಕೊಳ್ಳಿ: ಕಟಿಂಗ್ ವ್ಹೀಲ್ ಎರಡು 60, ತೂತಿಗೆ ಥ್ರೆಡ್ ಹಾಕೋ ಟ್ಯಾಪ್ 220, ಹೊಸ ಸ್ಟಡ್ 90, ಅರ 160, ಕಪ್ಪು ಸ್ಪ್ರೇ ಪೇಂಟ್ ಎರಡು ಡಬ್ಬಿ 360, ಗ್ರೈಂಡರ್ ಬಾಡಿಗೆ 250. ಒಟ್ಟು 1,140 ರೂಪಾಯಿ, ಮೂರು ಭಾನುವಾರ. ಕಬ್ಬಿಣದ ಪುಡಿ ಮಾತ್ರ ಹುಷಾರು, ಎಲ್ಲಾ ಬಿಚ್ಚಿ ಬರೀ ಡಬ್ಬ ಇಟ್ಕೊಂಡು ಕತ್ತರಿಸಿ, ಆಮೇಲೆ ತೊಳೀರಿ.

ಹುಬ್ಬಳ್ಳಿ ಮಂದಿ:
ಮಾಡಬ್ಯಾಡ್ರಿ. ನಾ ಸುಟ್ಕೊಂಡು ಹೇಳಾಕತ್ತೀನಿ. ಕ್ಯಾಬಿನೆಟ್ ಚಲೋ ಐತಿ ಅಂತ ಎಸ್‌ಎಂಪಿಎಸ್‌ನೂ ಅದನ್ನ ಇಟ್ಕೊಂಡೆ, 12 ವರ್ಷ ಹಳೇದು. ಮಲ್ಟಿಮೀಟರ್ ಹಚ್ಚಿ ನೋಡಿದ್ರ 12 ವೋಲ್ಟಿನ ಲೈನಿನಾಗ 11.2 ತೋರಸ್ತಿತ್ತು. 5 ಪರ್ಸೆಂಟ್ ಹೆಚ್ಚುಕಡಿಮಿ ಆದ್ರ ಪರವಾಗಿಲ್ಲ ಅಂತಾರ, ಅಂದ್ರ 11.4ರ ಕೆಳಗ ಬರಬಾರದು. ನನಗ ಅವಾಗ ಅದು ಗೊತ್ತಿರಲಿಲ್ಲ, ಇಷ್ಟ ಐತಲ್ಲ ಬಿಡು ಅಂತ ಓಡಿಸಿದೆ. 40 ದಿನಕ್ಕ ಟಪ್ ಅಂತು, ಹೊಗಿ ಬಂತು. ಬೋರ್ಡ್ 6,200 ಹೋತು, ಎಸ್‌ಎಸ್‌ಡಿ 3,400 ಹೋತು. ರೊಕ್ಕದ ಮಾತು ಬಿಡ್ರಿ, ಮಗಳು ಸಣ್ಣಾಕಿ ಇದ್ದಾಗಿನ ಫೋಟೋ ಎಲ್ಲಾ ಅದರಾಗ ಇದ್ವು. ಡೇಟಾ ತೆಗಿಯಾವ್ರು 14,000 ಕೇಳಿದ್ರು, ಕೊಟ್ಟೆ, ಬಂದದ್ದು ಅರ್ಧ. ಬಿಚ್ಚಿ ನೋಡಿದ್ರ ಒಳಗ ಐದು ಕ್ಯಾಪಾಸಿಟರ್ ತಲಿ ಉಬ್ಬಿ ಕುಂತಿದ್ವು. ಹಳೇ ಡಬ್ಬಿ ಮ್ಯಾಲಿನ ಪ್ರೀತಿ ಒಳ್ಳೇದಲ್ಲ ನೋಡ್ರಿ.

ಪೀಣ್ಯ ಫಿಟ್ಟರ್:
ಸಾರ್, ನಿಮಗಾಗಿದ್ದಕ್ಕೆ ಬೇಜಾರಿದೆ, ಆದ್ರೆ ಅದು ಎಸ್‌ಎಂಪಿಎಸ್ ತಪ್ಪು. ಕ್ಯಾಬಿನೆಟ್ ಏನ್ ಮಾಡ್ತು? ನಾನು ಹೊಸ 450 ವಾಟಿಂದು 2,650 ಕೊಟ್ಟು ತಂದು ಹಾಕಿದೀನಿ.

ಹುಬ್ಬಳ್ಳಿ ಮಂದಿ:
ಮತ್ತ ನಿಮ್ಮ ಲೆಕ್ಕದಾಗ 1,140 ಅಂತ ಯಾಕ ಬರದ್ರಿ? 2,650 ಕೂಡಿಸ್ರಿ ಅದಕ್ಕ. ಹುಡುಗರು ಇದನ್ನ ಓದಿ ಸಾವಿರ ರೂಪಾಯ್ದಾಗ ಮುಗೀತೈತಿ ಅಂತ ತಿಳ್ಕೋತಾರ.

ಎಸ್.ಪಿ. ರೋಡ್ ಗಿರಾಕಿ:
ಇಬ್ರೂ ಸಮಾಧಾನ. ನಾನು ಆರು ತಿಂಗಳು ಹಳೇ ಕ್ಯಾಬಿನೆಟ್ ಜೊತೆ ಗುದ್ದಾಡಿ ಕೊನೆಗೆ ಎಸ್.ಪಿ. ರೋಡಿಗೆ ಹೋಗಿ 2,300ಕ್ಕೆ ಹೊಸದು ತಂದೆ, ಮೂರು ಫ್ಯಾನ್ ಬಂತು, ಮುಂದೆ ಯುಎಸ್‌ಬಿ 3 ಬಂತು, ಒಂದೂವರೆ ಗಂಟೇಲಿ ಕೂರಿಸಿ ಮುಗಿಸ್ದೆ. ನನ್ನ ಹಳೇದು ಸಣ್ಣ ಸೈಜಿನ ಡೆಸ್ಕ್‌ಟಾಪು, ಅದರಲ್ಲಿ ಉದ್ದ ತೆಳ್ಳಗಿನ ಎಸ್‌ಎಂಪಿಎಸ್, ಟಿಎಫ್‌ಎಕ್ಸ್ ಅಂತಾರಲ್ಲ, 85 ಮಿಮೀ ಅಗಲ 65 ಎತ್ತರ 175 ಉದ್ದ, ಅದು ಹೊಸದು ಬೇಕಂದ್ರೆ ಹತ್ತು ಅಂಗಡಿ ಅಲೆದ್ರೂ ಒಂದು ಕಡೆ ಮಾತ್ರ ಸಿಕ್ತು, ಅವನು 3,900 ಹೇಳ್ದ. ಮಾಮೂಲಿ ಸೈಜಿಂದು 150 ಮಿಮೀ ಅಗಲ, 86 ಎತ್ತರ, ಅದು ಆ ಡಬ್ಬದೊಳಗೆ ಹೋಗೋ ಮಾತೇ ಇಲ್ಲ. ಆಚೆ ಇಟ್ಟು ವೈರ್ ಒಳಗೆ ಬಿಟ್ಟು ಎರಡು ತಿಂಗಳು ಓಡಿಸ್ದೆ, ಮನೇಲಿ ಪುಟ್ಟ ಮಗು ಇದೆ, ಹೆಂಡ್ತಿ ಬೈದ್ರು, ಅವರು ಬೈದಿದ್ದು ಸರಿನೇ. ಅಷ್ಟರಲ್ಲಿ ಆ ಡಬ್ಬಕ್ಕೇ 1,800 ಸುರಿದಿದ್ದೆ, ಆ ದುಡ್ಡು ವಾಪಸ್ ಬರಲಿಲ್ಲ. ಪೀಣ್ಯದವರೇ, ಮೂರು ಭಾನುವಾರಕ್ಕೆ ಬೆಲೆ ಕಟ್ಟಿ ಸ್ವಲ್ಪ.

ಪೀಣ್ಯ ಫಿಟ್ಟರ್:
ನನ್ನ ಭಾನುವಾರ ನನ್ನದು ಸ್ವಾಮಿ. ಕೈಯಲ್ಲಿ ಕೆಲಸ ಇರೋನಿಗೆ ಅದು ನಷ್ಟ ಅಲ್ಲ. ಮಗನೂ ಪಕ್ಕದಲ್ಲಿ ಕೂತು ಅರ ಹಿಡಿಯೋದು ಕಲಿತ.

ಮಲ್ಲೇಶ್ವರಂ ರಿಪೇರಿ:
ಸಾಗರದವರೇ, ಒಂದು ಪ್ರಶ್ನೆ. ಕ್ಯಾಬಿನೆಟ್ ಮುಂದೆ ನಿಂತು ನೋಡಿದ್ರೆ ಬಾಗಿಲು ನಿಮ್ಮ ಎಡಗಡೆ ತೆಗೆಯುತ್ತಾ ಬಲಗಡೆನಾ? ಹೇಳೋ ತನಕ ಏನೂ ಕೊಳ್ಳಬೇಡಿ.

ಕುಡ್ಲದ ಮಾಣಿ:
ನನ್ನದು ಕೇಳಿ ಮಾರಾಯ್ರೆ, ಗ್ರೈಂಡರು ಗೀಂಡರು ಎಲ್ಲ ಬೇಡ, ನನಗೆ ತೊಂದರೆ ಆದದ್ದು ಮುಂದಿನ ಬಟನಿನ ವಯರಿಂದ. ಅಸೆಂಬಲ್ ಕ್ಯಾಬಿನೆಟಲ್ಲಿ ಬಿಡಿಬಿಡಿ ವಯರು, ಹೆಸರು ಬರೆದು ಉಂಟು. ಇದರಲ್ಲಿ ಎಲ್ಲ ಸೇರಿಸಿ ಒಂದೇ ಅಗಲ ಕನೆಕ್ಟರ್, ಯಾವುದು ಎಂತದ್ದು ಗೊತ್ತಾಗುದಿಲ್ಲ. ಮಲ್ಟಿಮೀಟರನ್ನು ಬೀಪಿಗೆ ಇಟ್ಟು, ಬಟನ್ ಒತ್ತಿ ಹಿಡಿದು, ಎರಡೆರಡು ಪಿನ್ ಮುಟ್ಟಿಸುತ್ತಾ ಹೋದೆ, ಬೀಪ್ ಬಂದ ಜೋಡಿ ಪವರ್ ಸ್ವಿಚ್ಚು. ಅದನ್ನು ಬೋರ್ಡಿನ 6 ಮತ್ತು 8ನೇ ಪಿನ್ನಿಗೆ ಕೊಟ್ಟೆ, ಲೈಟಿಂದು 2 ಮತ್ತು 4ಕ್ಕೆ. ಜಂಪರ್ ವಯರಿಗೆ 70 ರೂಪಾಯಿ, ಎರಡು ರಾತ್ರಿ. ಅಲ್ಲಿಗೇ ನಿಲ್ಲಿಸಬೇಕಿತ್ತು. ಮುಂದಿನ ಯುಎಸ್‌ಬಿ ಕೂಡ ಬೇಕು ಅಂತ ಆಸೆ. ಬೋರ್ಡಿನ ಯುಎಸ್‌ಬಿ ಹೆಡರಲ್ಲಿ, ಅಂದ್ರೆ ಆ ವಯರು ಕೂರುವ ಪಿನ್ನುಗಳಲ್ಲಿ, 1ನೇ ಪಿನ್ನು 5 ವೋಲ್ಟು, 7ನೇದು ಗ್ರೌಂಡು, ನಾನು ಬಣ್ಣ ನಂಬಿ ಉಲ್ಟಾ ಕೊಟ್ಟೆ, ಆ ಕಂಪನಿಯವರ ಬಣ್ಣವೇ ಬೇರೆ. ತಮ್ಮನ ಪೆನ್ ಡ್ರೈವ್ ಹಾಕಿದ್ದೇ ಹಾಕಿದ್ದು, ಮುಟ್ಲಿಕ್ಕೆ ಆಗದಷ್ಟು ಬಿಸಿ. ಅವನ ಸಿಎ ಪರೀಕ್ಷೆಯ ನೋಟ್ಸ್ ಅದರಲ್ಲಿ. ಎರಡು ವಾರ ಮಾತಾಡ್ಲಿಲ್ಲ ಅವ.

ಇನ್ನೊಂದು, ಆ ಕಬ್ಬಿಣದ ಬಾಡಿ ಮುಟ್ಟಿದರೆ ಜುಮ್ ಅಂತಿತ್ತು. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕ್ಯಾಪಾಸಿಟರುಗಳಿಂದ ಬಾಡಿಗೆ ಹತ್ತಿರ ಹತ್ತಿರ 115 ವೋಲ್ಟ್ ಬಂದು ಕೂತಿರ್ತದೆ, ಕರೆಂಟ್ ಕಮ್ಮಿ ಆದ್ದರಿಂದ ಬರೀ ಜುಮ್ಮು. ಹುಬ್ಬಳ್ಳಿಯವರೇ, ನಿಮ್ಮ ಮನೆಯ ಪಾಯಿಂಟಲ್ಲಿ ಅರ್ಥ್ ಉಂಟಾ? ನಿಮ್ಮದು ಹೋದದ್ದು ಅದರಿಂದಲೇ ಇರಬೇಕು.

ಹುಬ್ಬಳ್ಳಿ ಮಂದಿ:
ಮೂರು ಪಿನ್ನಿನ ಪಾಯಿಂಟ್ ಐತ್ರೀ ನಮ್ಮನ್ಯಾಗ. ಕ್ಯಾಪಾಸಿಟರ್ ಉಬ್ಬಿದ್ದು ಕಣ್ಣಾರೆ ನೋಡೀನಿ ಅಂತ ಹೇಳಿದ ಮ್ಯಾಲೂ ಅರ್ಥಿಂಗ್ ಅಂದ್ರ ಹೆಂಗ? ನನ್ನ ಮನಿ ವೈರಿಂಗ್ ನೋಡೀರೇನು ನೀವು?

ಕುಡ್ಲದ ಮಾಣಿ:
ಮೂರನೇ ತೂತು ಇದ್ದ ಮಾತ್ರಕ್ಕೆ ಹಿಂದೆ ವಯರು ಇರ್ತದಾ? ನಮ್ಮಲ್ಲಿ ಹತ್ತು ವರ್ಷ ತೂತು ಮಾತ್ರ ಇದ್ದದ್ದು. ಟೆಸ್ಟ್ ಮಾಡಿ ನೋಡಿ, ಸಿಟ್ಟು ಯಾಕೆ?

ದಾವಣಗೆರೆ:
ಎಸ್‌ಎಂಪಿಎಸ್ ವಿಷ್ಯ ಬಂತಲ್ಲ, ನಂದೂ ಹೇಳ್ತೀನಿ. ಅಣ್ಣ ಅಮೆರಿಕದಿಂದ ಊರಿಗೆ ವಾಪಸ್ ಬರುವಾಗ ಅವನ ಹಳೇ ಟವರ್ ಸಾಮಾನಿನ ಜೊತೆ ತಂದಿದ್ದ. ಬಾಳ ಗಟ್ಟಿ ಡಬ್ಬ. ಹೊಸ ಬೋರ್ಡ್ ಹಾಕಿ ಎಲ್ಲಾ ಸರಿಯಾಗಿ ಕೂರಿಸಿ, ದೀಪ ಹಚ್ಚಿ ಪೂಜೆ ಮಾಡಿ ಸ್ವಿಚ್ ಹಾಕಿದ್ವಿ. ಬಾಂಬ್ ಹೊಡೆದಂಗೆ ಸದ್ದು. ಹಿಂದ್ಗಡೆ ಒಂದು ಸಣ್ಣ ಕೆಂಪು ಸ್ವಿಚ್ ಇರುತ್ತೆ, 115 ಮತ್ತು 230 ಅಂತ, ಅದು 115ರಲ್ಲೇ ಇತ್ತು. ಅಲ್ಲಿನ ಕಡಿಮೆ ವೋಲ್ಟೇಜನ್ನ ಒಳಗೆ ಡಬಲ್ ಮಾಡ್ಕೊಳ್ಳೋಕೆ ಆ ಸ್ವಿಚ್ಚು, ನಮ್ಮ 230ನ್ನೂ ಡಬಲ್ ಮಾಡೋಕೆ ಹೋಗಿ 200 ವೋಲ್ಟಿನ ಕ್ಯಾಪಾಸಿಟರ್ ಮೇಲೆ 325 ವೋಲ್ಟ್ ಬಿತ್ತು. ಅವ್ವ ದೇವರ ಮನೆ ಬಾಗ್ಲಲ್ಲಿ ನಿಂತೋರು ನಡುಗಿಬಿಟ್ರು. ಬೋರ್ಡ್ ಉಳೀತು ಪುಣ್ಯಕ್ಕೆ. ಹಳೇದು ಯಾವುದೇ ಇರಲಿ ಮೊದ್ಲು ಆ ಕೆಂಪು ಸ್ವಿಚ್ ನೋಡಿ.

ಸಾಗರದವ:
ಎಲ್ಲರಿಗೂ ಥ್ಯಾಂಕ್ಸ್. ಮಲ್ಲೇಶ್ವರಂ ಸಾರ್, ಮುಂದೆ ನಿಂತು ನೋಡಿದ್ರೆ ಬಲಗಡೆ ಬಾಗಿಲು. ಬೋರ್ಡ್ ಎಡಗಡೆ ಗೋಡೆಗಿದೆ. ಯಾಕೆ ಸಾರ್?

ಮಲ್ಲೇಶ್ವರಂ ರಿಪೇರಿ:
ಅದೇ ಭಯ ಇತ್ತು ನನಗೆ. ಆ ಕಪ್ಪು ಕವರ್ ಅಂದಾಗಲೇ ಅನುಮಾನ ಬಂತು. ಅದು ಎಟಿಎಕ್ಸ್ ಅಲ್ಲ, ಬಿಟಿಎಕ್ಸ್. ಪೆಂಟಿಯಂ 4 ವಿಪರೀತ ಬಿಸಿಯಾಗ್ತಿತ್ತು, ಮುಂದಿಂದ ಎಳೆದ ತಣ್ಣನೆ ಗಾಳಿ ನೇರ ಪ್ರೊಸೆಸರ್ ಮೇಲೇ ಬೀಳಲಿ ಅಂತ ಇಂಟೆಲ್‌ನವರು 2004ರ ಹೊತ್ತಿಗೆ ತಂದ ವಿನ್ಯಾಸ, ಮಾಮೂಲಿ ಡಬ್ಬದಲ್ಲಿ ಬಲಗಡೆ ಗೋಡೆಗಿರೋ ಬೋರ್ಡನ್ನ ಕನ್ನಡೀಲಿ ನೋಡಿದಂಗೆ ಎಡಗಡೆ ಗೋಡೆಗೆ ತಿರುಗಿಸಿದ್ರು. ಆಮೇಲೆ ಪ್ರೊಸೆಸರ್‌ಗಳ ಬಿಸಿ ಕಮ್ಮಿ ಆಯ್ತು, 2006ರಲ್ಲಿ ಅವರೇ ಕೈಬಿಟ್ರು. ಆ ಹೊತ್ತಲ್ಲಿ ಬ್ರ್ಯಾಂಡೆಡ್ ಸಿಸ್ಟಮ್ ತಗೊಂಡ ಕೆಲವರ ಮನೇಲಿ ಈ ಡಬ್ಬ ಇದೆ. ಬಿ450 ಬೋರ್ಡ್ ಇದರಲ್ಲಿ ಕೂರಲ್ಲ, ಪೋರ್ಟೂ ಬೇರೆ ಕಡೆ, ಸ್ಕ್ರೂ ತೂತೂ ಬೇರೆ ಕಡೆ.

ನನಗೆ ಇದು ಹೆಂಗೆ ಗೊತ್ತು ಅಂದ್ರೆ, ಅಂಗಡಿ ಶುರು ಮಾಡಿದ ವರ್ಷ ಇಂಥವೇ ನಾಲ್ಕು ಡಬ್ಬ ಗುಜರಿಯವರ ಹತ್ರ ತಲಾ 350ಕ್ಕೆ ತಂದೆ, ನಾಲ್ಕು ಬೋರ್ಡ್ ಮುಂಗಡ ದುಡ್ಡು ಕೊಟ್ಟು ತರಿಸಿದ್ದೆ. ಒಂದೂ ಕೂರಲಿಲ್ಲ. ಬೋರ್ಡ್ ವಾಪಸ್ ಮಾಡೋವಾಗ ಹತ್ತು ಪರ್ಸೆಂಟ್ ಹಿಡ್ಕೊಂಡ್ರು. ಗಿರಾಕಿಗಳಿಗೆ ಮಾತು ಕೊಟ್ಟಿದ್ದೆ, ಅವರ ಮುಖ ನೋಡೋದೇ ಕಷ್ಟ ಆಯ್ತು. ಇಲ್ಲಿ ಇಷ್ಟು ಜನ ಬರೆದ್ರಿ, ಯಾರೂ ಅವರ ಡಬ್ಬ ಏನು ಅಂತ ಕೇಳಲಿಲ್ಲ.

ಪೀಣ್ಯ ಫಿಟ್ಟರ್:
ಬಿಟಿಎಕ್ಸ್ ಆದ್ರೂ ಮಾಡಬಹುದು. ಗುಜರೀಲಿ ಯಾವುದಾದ್ರೂ ಎಟಿಎಕ್ಸ್ ಡಬ್ಬ ತಂದು ಅದರ ಬೋರ್ಡ್ ಕೂರೋ ಟ್ರೇ, ಹಿಂದಿನ ಪ್ಲೇಟು ಎರಡೂ ರಿವೆಟ್ ಡ್ರಿಲ್ ಮಾಡಿ ಬಿಚ್ಚಿ ಇದಕ್ಕೆ ಹಾಕೋದು. ನಾನೇ ಮಾಡಿಕೊಡ್ತೀನಿ ಬೇಕಾದ್ರೆ, ಮಜೂರಿ ಬೇಡ.

ಎಸ್.ಪಿ. ರೋಡ್ ಗಿರಾಕಿ:
ಒಳ್ಳೇ ಎಟಿಎಕ್ಸ್ ಡಬ್ಬ ಕತ್ತರಿಸಿ ಕೂರದ ಡಬ್ಬಕ್ಕೆ ಹಾಕೋದಾ? ಆ ಎಟಿಎಕ್ಸ್ ಡಬ್ಬಕ್ಕೇ ಬೋರ್ಡ್ ಹಾಕ್ಲಿ ಪಾಪ. ಹುಡುಗನ ದುಡ್ಡು ಹಾಳು ಮಾಡಿಸ್ತೀರ ನೀವು.

ಪೀಣ್ಯ ಫಿಟ್ಟರ್:
ಅವರಿಗೆ ಅಪ್ಪನ ಡಬ್ಬ ಬೇಕು. ಮೊದಲ ಪೋಸ್ಟಿನ ಕೊನೇ ಸಾಲು ಓದಿ.

ಸಾಗರದವ:
ಬೋರ್ಡ್ ಇನ್ನೂ ಆರ್ಡರ್ ಮಾಡಿರಲಿಲ್ಲ, ಉಳೀತು. ಅಪ್ಪನಿಗೆ ಹೇಳ್ದೆ, ಬಾಗಿಲು ಮುಚ್ಚಿ ಲಾಚ್ ಹಾಕಿ ಒರೆಸಿಟ್ರು, ಏನೂ ಮಾತಾಡಲಿಲ್ಲ. ಪೀಣ್ಯದವರೇ, ಭಾನುವಾರ ಅಳತೆ ತೆಗೆದು ಫೋಟೋ ಹಾಕ್ತೀನಿ, ಆಗಲ್ಲ ಅನಿಸಿದ್ರೆ ದಾಕ್ಷಿಣ್ಯ ಬೇಡ, ನೇರ ಹೇಳಿ. ಸದ್ಯ ತಂಗಿ ಕ್ಲಾಸು ಶುರು ಆಗುತ್ತೆ, ಅವಳಿಗೆ 2,300ರದ್ದೇ ತರ್ತೀನಿ.

ಹುಬ್ಬಳ್ಳಿ ಮಂದಿ:
ಇವತ್ತ ಎಲೆಕ್ಟ್ರಿಷಿಯನ್‌ನ ಕರಿಸಿ ಪಾಯಿಂಟ್ ಬಿಚ್ಚಿಸಿದೆ. ಅರ್ಥಿನ ವಯರ್ ಇರಲಿಲ್ಲ. ಹೊಸಾದು ಎಳಸಾಕ 1,750 ಆತು. ಮಂಗ್ಳೂರಿನವ್ರ ಆ ಮಾತು ಖರೇ. ಆದ್ರ ನನ್ನ ಎಸ್‌ಎಂಪಿಎಸ್ ಹೋಗಿದ್ದು ಅದಕ್ಕಲ್ಲ, ಕ್ಯಾಪಾಸಿಟರ್ ಇನ್ನೂ ಡಬ್ಬ್ಯಾಗ ಇಟ್ಟೀನಿ, ಫೋಟೋ ಹಾಕ್ತೀನಿ, ನೋಡ್ರಿ.