ಸಹಾಯ ಬೇಕು: ಕರ್ನಲ್ ಕಂಪೈಲ್ ಕೊನೇ ಹಂತದಲ್ಲಿ ನಿಲ್ಲುತ್ತಿದೆ

ಎಲ್ಲರಿಗೂ ನಮಸ್ಕಾರ, ಸೋಮವಾರಪೇಟೆ ಕಡೆಯವನು. 4 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪ್, ಉಬುಂಟು. ಇದಕ್ಕೆ ನಾನೇ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಸೋರ್ಸ್ ಕೋಡ್‌ನಿಂದ ಕಂಪೈಲ್ ಮಾಡಲು ಹೊರಟಿದ್ದೇನೆ.

ಮೊದಲು ಪೆಮ್ ಫೈಲ್ (ಸರ್ಟಿಫಿಕೇಟ್ ಇರುವ ಫೈಲ್) ಸಿಗುತ್ತಿಲ್ಲ ಅಂತ ಎರರ್ ಬಂತು. ಕಾನ್ಫಿಗ್‌ನಲ್ಲಿ ಟ್ರಸ್ಟೆಡ್ ಕೀಸ್, ರಿವೊಕೇಶನ್ ಕೀಸ್ ಎರಡನ್ನೂ ಖಾಲಿ ಬಿಟ್ಟೆ, ಸರಿಹೋಯಿತು.

ಈಗಿನದೇ ತಲೆನೋವು. ಗಂಟೆಗಟ್ಟಲೆ ಓಡಿ, ವಿಎಂಲಿನಕ್ಸ್ (ಕರ್ನಲ್‌ನ ಮುಖ್ಯ ಫೈಲ್) ಲಿಂಕ್ ಆಗುವ ಹೊತ್ತಿಗೆ ಬಿಟಿಎಫ್ (ಒಂದು ಬಗೆಯ ಡೀಬಗ್ ಮಾಹಿತಿ) ಅನ್ನೋ ಸಾಲು ಬರುತ್ತದೆ, ಹಿಂದೆಯೇ ‘ಕಿಲ್ಡ್’, ಎರರ್ 137. ಕರ್ನಲ್ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’, ಪಕ್ಕದಲ್ಲೇ ಆ ಬಿಟಿಎಫ್ ತಯಾರಿಸುವ ಪಹೋಲ್ ಪ್ರೋಗ್ರಾಂ ಹೆಸರು. ಜೆ4 (ಒಟ್ಟಿಗೆ ನಾಲ್ಕು ಕೆಲಸ) ಬದಲು ಜೆ1 (ಒಂದೊಂದಾಗಿ) ಕೊಟ್ಟರೂ ಅದೇ ಕಥೆ.

ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) 2 ಜಿಬಿ ಇದೆ. ಅದನ್ನು ಜಾಸ್ತಿ ಮಾಡಬೇಕಾ, ಇಲ್ಲ ಕಾನ್ಫಿಗ್‌ನಲ್ಲಿ ಡೀಬಗ್ ಇನ್ಫೋ ಬಿಟಿಎಫ್ ಆಫ್ ಮಾಡಿದರೆ ಸಾಕಾ? ಸುಮ್ನೆ ಮಾಡಿ ನೋಡೋಣ ಅಂದರೆ ಇಲ್ಲಿ ಬಿಡದ ಮಳೆ, ಕರೆಂಟ್ ನಂಬುವ ಹಾಗಿಲ್ಲ. ಬ್ಯಾಟರಿ ಇಪ್ಪತ್ತು ನಿಮಿಷ ಬಂದರೆ ಹೆಚ್ಚು. ಗೊತ್ತಿದ್ದವರು ದಯವಿಟ್ಟು ಹೇಳಿ.