ಸಹಾಯ ಬೇಕು: ಇಬ್ಬರಿಗೆ ಒಂದೇ ಟೋಕನ್ ನಂಬರ್ ಬರುತ್ತಿದೆ
ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆ) ಎಎಸ್‌ಪಿ ಡಾಟ್ ನೆಟ್‌ನಲ್ಲಿ (ಮೈಕ್ರೋಸಾಫ್ಟ್‌ನ ವೆಬ್ ತಂತ್ರಾಂಶ) ಸರದಿಯ ಟೋಕನ್ ಕೊಡುವ ಪುಟ ಮಾಡಿಕೊಟ್ಟಿದ್ದೇನೆ. ಕೊನೆಯ ನಂಬರನ್ನು ಅಪ್ಲಿಕೇಶನ್ ವೇರಿಯಬಲ್‌ನಲ್ಲಿ (ಎಲ್ಲ ಕೌಂಟರ್‌ಗೂ ಸೇರಿ ಸರ್ವರ್ ಮೆಮೊರಿಯಲ್ಲಿರುವ ಒಂದೇ ಜಾಗ) ಇಟ್ಟಿದ್ದೆ. ಮೊನ್ನೆ ಎರಡು ಕೌಂಟರ್‌ನಲ್ಲಿ ಒಟ್ಟಿಗೆ ಬಟನ್ ಒತ್ತಿದಾಗ ಇಬ್ಬರಿಗೂ 47 ಬಂತು. ಎರಡೂ ಕಡೆ 46 ಅನ್ನೇ ಓದಿ ಒಂದು ಕೂಡಿಸಿದೆ, ಅಲ್ವಾ? ಮೂಡಿಗೆರೆಯಿಂದ ಬೆಳಗ್ಗೆಯೇ ಚೀಲ ತಂದಿದ್ದ ಹಿರಿಯರೊಬ್ಬರು ಸುಮ್ನೆ ಎರಡು ಗಂಟೆ ಕಾಯಬೇಕಾಯಿತು. ನನಗೆ ತುಂಬಾ ಬೇಜಾರಾಯಿತು.

ಈಗ ಓದುವ ಮೊದಲು ಲಾಕ್, ಬರೆದ ಮೇಲೆ ಅನ್‌ಲಾಕ್ ಹಾಕಿದ್ದೇನೆ, ಅಂದರೆ ಒಂದು ಸಲಕ್ಕೆ ಒಬ್ಬರೇ ನಂಬರ್ ಬದಲಿಸಬಹುದು. ಡೇಟಾಬೇಸ್ ಕೆಲಸ ಲಾಕ್‌ನ ಹೊರಗಿದೆ, ಇಲ್ಲದಿದ್ದರೆ ಉಳಿದವರು ಜಾಸ್ತಿ ಹೊತ್ತು ಕಾಯಬೇಕು. ಆದರೆ ಐಐಎಸ್ (ಈ ಪುಟ ನಡೆಸುವ ವೆಬ್ ಸರ್ವರ್) 1740 ನಿಮಿಷಕ್ಕೊಮ್ಮೆ ರಿಸೈಕಲ್ ಮಾಡಿದಾಗ, ಅಂದರೆ ಪುಟದ ಪ್ರೋಗ್ರಾಂ ಅನ್ನು ಹೊಸದಾಗಿ ಶುರು ಮಾಡಿದಾಗ, ನಂಬರ್ ಅಳಿಸಿಹೋಗುತ್ತದೆ. ವರ್ಕರ್ ಪ್ರೊಸೆಸ್ (ಸರ್ವರ್‌ನಲ್ಲಿ ಪುಟವನ್ನು ನಡೆಸುವ ಪ್ರೋಗ್ರಾಂ) ಎರಡಾದರೆ ಈ ಲಾಕ್ ಕೂಡ ಸಾಲದು, ಏಕೆಂದರೆ ಪ್ರತಿಯೊಂದಕ್ಕೂ ಅದರದ್ದೇ ವೇರಿಯಬಲ್ ಇರುತ್ತದೆ. ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನ ಸೀಕ್ವೆನ್ಸ್ (ಕೇಳಿದಾಗಲೆಲ್ಲ ಮುಂದಿನ ನಂಬರ್ ಕೊಡುವ ಸೌಲಭ್ಯ) ಬಳಸಲೇ? ದಿನಾ ಬೆಳಗ್ಗೆ 1ರಿಂದ ಶುರುವಾಗಬೇಕು. ಮಾಡಿ ನೋಡಿದವರು ದಯವಿಟ್ಟು ಹೇಳಿ.